ಮೀನಿನ ಮೈಮೇಲೆ ಗಂಟು: ಮೊದಲು ಗುರುತು, ಆಮೇಲೆ ಮದ್ದು

ಗಂಟು ಎಂಬ ಮಾತಿಗೆ ನಮ್ಮಲ್ಲಿ ಹತ್ತಾರು ಅರ್ಥ. ಅಜ್ಜಿ ಸೆರಗಿನ ತುದಿಗೆ ಹಾಕಿಕೊಳ್ಳುವುದು ಗಂಟು, ಮದುವೆಯಲ್ಲಿ ಹಾಕುವುದು ಮೂರು ಗಂಟು, ಉಪ್ಪಿಟ್ಟಿಗೆ ರವೆ ಸುರಿಯುವಾಗ ಕೈಯಾಡಿಸದಿದ್ದರೆ ಆಗುವುದೂ ಗಂಟು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸವೆದ ನನಗಂತೂ ಗಂಟು ಎಂದರೆ ದುಡ್ಡಿನ ಗಂಟೇ. ನಿವೃತ್ತನಾಗಿ ಮೊಮ್ಮಗಳ ಮೀನಿನ ತೊಟ್ಟಿಯ ಉಸ್ತುವಾರಿ ನನ್ನ ಪಾಲಿಗೆ ಬಂದ ಮೇಲೆ ಈ ಮಾತಿಗೆ ಇನ್ನೊಂದು ಅರ್ಥ ಸೇರಿತು: ಮೀನಿನ ಮೈಮೇಲೆ ಏಳುವ ಗಂಟು.

ನಮ್ಮ ಬೀದಿಯ ಮಕ್ಕಳಿಗೆ ಇದು ಹೇಗೋ ಗೊತ್ತಾಗಿಬಿಟ್ಟಿದೆ. ಭಾನುವಾರ ಬಂತೆಂದರೆ ಒಬ್ಬರಲ್ಲ ಒಬ್ಬರು ಗೇಟಿನ ಬಳಿ ನಿಂತು, "ತಾತಾ, ನಮ್ಮ ಮೀನಿಗೆ ಬಿಳಿ ಬಿಳಿ ಗುಳ್ಳೆ ಬಂದಿದೆ, ಯಾವ ಔಷಧಿ ಹಾಕೋದು?" ಎಂದು ಕೇಳುತ್ತಾರೆ. ನಾನು ಮೀನಿನ ಡಾಕ್ಟರಲ್ಲ, ಬಿ.ಕಾಂ. ಓದಿದವನು. ಆದ್ದರಿಂದ ನನ್ನ ಉತ್ತರ ಯಾವಾಗಲೂ ಒಂದೇ. ವೋಚರ್ ನೋಡದೆ ಹಣ ಕೊಡಬಾರದು. ಗಂಟು ಯಾವುದೆಂದು ನೋಡದೆ ಮದ್ದು ಹಾಕಬಾರದು.

ಯಾಕೆಂದರೆ ಮೀನಿನ ಮೈಮೇಲಿನ ಉಬ್ಬು, ಚುಕ್ಕೆ, ಗಂಟುಗಳಲ್ಲಿ ಕೆಲವು ರೋಗವೇ ಅಲ್ಲ. ಕೆಲವು ತಾವಾಗಿ ಹೋಗುತ್ತವೆ. ಕೆಲವಕ್ಕೆ ಮದ್ದುಂಟು, ಆದರೆ ಒಂದರ ಮದ್ದು ಇನ್ನೊಂದಕ್ಕೆ ಆಗದು. ಕೆಲವಕ್ಕೆ ಮದ್ದೇ ಇಲ್ಲ. ಸಣ್ಣ ತೊಟ್ಟಿಗೆ ಅಂಗಡಿಯ ನೀಲಿ ಬಾಟಲಿ, ಹಸಿರು ಬಾಟಲಿ ಎರಡನ್ನೂ ಸುರಿದರೆ ಗಂಟಿನಿಂದ ಸಾಯದ ಮೀನು ಮದ್ದಿನಿಂದ ಸಾಯಬಹುದು.

ಮೂರು ಸಾಮಾನು, ಆರು ಪ್ರಶ್ನೆ

ಮೊದಲು ಬೇಕಾದದ್ದು ಒಂದು ಭೂತಗನ್ನಡಿ, ಒಂದು ಟಾರ್ಚು, ಒಂದು ನೋಟ್‌ಬುಕ್. ಅಜ್ಜ ಪತ್ರಿಕೆ ಓದಲು ಇಟ್ಟುಕೊಂಡಿರುವ ಭೂತಗನ್ನಡಿಯೇ ಸಾಕು. ಟಾರ್ಚನ್ನು ಮೀನಿನ ಕಣ್ಣಿಗೆ ನೇರವಾಗಿ ಬಿಡಬೇಡಿ, ಪಕ್ಕದಿಂದ ಬಿಡಿ. ಪಕ್ಕದ ಬೆಳಕಿನಲ್ಲಿ ಉಬ್ಬು ಎದ್ದು ಕಾಣುತ್ತದೆ.

ಮಕ್ಕಳೇ, ನೋಟ್‌ಬುಕ್ಕಿನಲ್ಲಿ ಈ ಆರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಗಂಟು ಎಲ್ಲಿದೆ: ರೆಕ್ಕೆಯ ಮೇಲೋ, ಬಾಯಿಯ ಬಳಿಯೋ, ಮೈಮೇಲೋ? ಒಂದೇ ಇದೆಯೋ, ಹಲವು ಇವೆಯೋ? ಹತ್ತಿಯ ಹಾಗಿದೆಯೋ, ಉಪ್ಪಿನ ಕಾಳಿನ ಹಾಗೋ, ಮೇಣದ ಹಾಗೋ, ಮಾಂಸದ ಹಾಗೋ? ಅದು ತಾನಾಗಿ ಅಲುಗಾಡುತ್ತದೆಯೇ? ಬೇರೆ ಮೀನುಗಳಿಗೂ ಬಂದಿದೆಯೇ? ಮೀನು ಊಟ ಮಾಡುತ್ತಿದೆಯೇ?

ಗಾತ್ರ ಬರೆಯುವುದಕ್ಕೆ ನಮ್ಮ ಮನೆಯಲ್ಲಿ ಅಡುಗೆಮನೆಯ ಡಬ್ಬಿಗಳೇ ಅಳತೆಗೋಲು. ಸಾಸಿವೆ, ಹೆಸರುಕಾಳು, ಕಡಲೆಕಾಳು, ಅವರೆಕಾಳು. ಇನ್ನೂ ಸರಿಯಾಗಿ ಬೇಕೆಂದರೆ ಗಾಜಿನ ಹೊರಗೆ ಒಂದು ಸ್ಕೇಲು ಅಂಟಿಸಿ, ಮೀನು ಗಾಜಿನ ಹತ್ತಿರ ಬಂದಾಗ ಫೋಟೋ ತೆಗೆಯಿರಿ. ವಾರಕ್ಕೊಂದು ಫೋಟೋ, ಅದೇ ದಿನ, ಅದೇ ಜಾಗ. ಎರಡು ದಿನದಲ್ಲಿ ಹರಡುವ ಗಂಟಿಗೂ ಎರಡು ತಿಂಗಳಲ್ಲಿ ಬೆಳೆಯುವ ಗಂಟಿಗೂ ಅಜಗಜಾಂತರ. ಆ ವ್ಯತ್ಯಾಸ ತಿಳಿಯುವುದು ತಾರೀಖು ಬರೆದಿಟ್ಟರೆ ಮಾತ್ರ.

ಒಡವೆಯನ್ನು ರೋಗ ಎನ್ನಬೇಡಿ

ಮೊದಲು ರೋಗವಲ್ಲದವನ್ನು ಪಕ್ಕಕ್ಕಿಡೋಣ. ಒರಾಂಡ ಎಂಬ ಗೋಲ್ಡ್‌ಫಿಶ್ ಜಾತಿಯ ತಲೆಯ ಮೇಲೆ ರಾಸ್‌ಬೆರಿ ಹಣ್ಣಿನಂಥ ಗುಳ್ಳೆಗುಳ್ಳೆ ಕಿರೀಟ ಇರುತ್ತದೆ. ಅದು ಆ ತಳಿಯ ಲಕ್ಷಣ. ಮೀನು ಬೆಳೆದ ಹಾಗೆ ಕಿರೀಟವೂ ಬೆಳೆಯುತ್ತದೆ. ಕಣ್ಣು ಮುಚ್ಚುವಷ್ಟು ಬೆಳೆದರೆ ಮಾತ್ರ ವೈದ್ಯರನ್ನು ಕೇಳಬೇಕು. ವಾಸ್ತು ಮೀನು ಎಂದು ಕೆಲವರು ಸಾಕುವ ಫ್ಲವರ್‌ಹಾರ್ನ್ ಮೀನಿನ ಹಣೆಯ ದೊಡ್ಡ ಬುರುಡೆಯೂ ಹಾಗೆಯೇ. ಆ ಮೀನು ಕಾಡಿನ ಹೊಳೆಯಲ್ಲಿ ಹುಟ್ಟಿದ್ದಲ್ಲ. ಮಲೇಷ್ಯಾದಲ್ಲಿ 1990ರ ದಶಕದಲ್ಲಿ ಬೇರೆ ಬೇರೆ ಮೀನುಗಳನ್ನು ಕೂಡಿಸಿ ಮಾಡಿದ ತಳಿ. ಅದರ ಹಣೆ ಉಬ್ಬಲೆಂದೇ ಆರಿಸಿ ಆರಿಸಿ ಬೆಳೆಸಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಜನ ಗಾಬರಿಯಾಗುವುದು ಗಂಡು ಗೋಲ್ಡ್‌ಫಿಶ್ಶಿನ ಬಿಳಿ ಚುಕ್ಕೆಗಳನ್ನು ಕಂಡು. ಮರಿ ಮಾಡುವ ಕಾಲ ಬಂದಾಗ ಗಂಡಿನ ಕಿವಿರು ಮುಚ್ಚಳದ ಮೇಲೆ, ಎದೆಯ ಪಕ್ಕದ ರೆಕ್ಕೆಗಳ ಮುಂಭಾಗದ ಅಂಚಿನಲ್ಲಿ ಸಣ್ಣ ಸಣ್ಣ ಬಿಳಿ ಮುತ್ತುಗಳು ಏಳುತ್ತವೆ. ಸಾಲಾಗಿ, ಎರಡೂ ಪಕ್ಕ ಒಂದೇ ರೀತಿ, ಜೋಡಿಸಿಟ್ಟ ಹಾಗೆ. ಅದು ಮದುವೆ ಗಂಡಿನ ಬಾಸಿಂಗ ಇದ್ದ ಹಾಗೆ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಕಾಲ ಮುಗಿದ ಮೇಲೆ ತಾನಾಗಿ ಮಾಯವಾಗುತ್ತದೆ. ಇದಕ್ಕೆ ಮದ್ದು ಸುರಿಯುವುದೆಂದರೆ ಮದುಮಗನನ್ನು ಆಸ್ಪತ್ರೆಗೆ ಸೇರಿಸಿದ ಹಾಗೆ.

ಉಪ್ಪಿನ ಕಾಳು: ಚಕ್ರಬಡ್ಡಿಯ ರೋಗ

ಅದೇ ಬಿಳಿ ಚುಕ್ಕೆ ಮೈಮೇಲೆ, ರೆಕ್ಕೆಯ ಮೇಲೆ, ಬಾಲದ ಮೇಲೆ ಎಲ್ಲೆಂದರಲ್ಲಿ ಉಪ್ಪು ಚಿಮುಕಿಸಿದ ಹಾಗೆ ಇದ್ದರೆ, ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದರೆ, ಅದು ಬಿಳಿಚುಕ್ಕೆ ರೋಗ. ಅಂಗಡಿಯವರು ಇದನ್ನು ಇಕ್ ಎನ್ನುತ್ತಾರೆ. ಇಕ್ತಿಯಾಫ್ತಿರಿಯಸ್ ಎಂಬ ಉದ್ದ ಹೆಸರಿನ ಏಕಕೋಶ ಜೀವಿಯ ಕೆಲಸ ಇದು.

ಇದರ ಲೆಕ್ಕ ತಿಳಿದರೆ ಮದ್ದು ತಿಳಿದ ಹಾಗೆ. ನಮಗೆ ಕಾಣುವ ಬಿಳಿ ಕಾಳಿನೊಳಗೆ ಆ ಜೀವಿ ಮೀನಿನ ಚರ್ಮದಡಿ ಕುಳಿತು ತಿನ್ನುತ್ತಿರುತ್ತದೆ. ಬಲಿತ ಮೇಲೆ ಉದುರಿ, ತೊಟ್ಟಿಯ ತಳದಲ್ಲಿ ಗೂಡು ಕಟ್ಟಿಕೊಂಡು, ಒಡೆದು ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಈಜಿ ಇನ್ನೊಂದು ಮೀನನ್ನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಒಂದು ಚುಕ್ಕೆ ನೂರಾಗುವ ಈ ಆಟ ಚಕ್ರಬಡ್ಡಿಗಿಂತ ಜೋರು.

ಮೀನಿನ ಮೈಯೊಳಗೆ ಕುಳಿತಾಗ ಆ ಜೀವಿಗೆ ಮದ್ದು ತಟ್ಟುವುದಿಲ್ಲ. ತಳದ ಗೂಡಿನಲ್ಲಿದ್ದಾಗಲೂ ಸುಲಭವಾಗಿ ತಟ್ಟುವುದಿಲ್ಲ. ನೀರಿನಲ್ಲಿ ಈಜುವ ಮರಿಗಳಿಗೆ ಮಾತ್ರ ತಟ್ಟುತ್ತದೆ. ಅದಕ್ಕೇ ಒಂದು ದಿನ ಮದ್ದು ಹಾಕಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಕೊನೆಯ ಚುಕ್ಕೆ ಉದುರಿದ ಮೇಲೂ ಒಂದು ವಾರ ಮುಂದುವರಿಸಬೇಕು. 25 ಡಿಗ್ರಿ ಆಸುಪಾಸಿನ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ತಿರುಗುತ್ತದೆ. ತಣ್ಣಗಿನ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಚಳಿಗಾಲದಲ್ಲಿ ಇನ್ನೂ ಹೆಚ್ಚು ತಾಳ್ಮೆ ಬೇಕು. ತಳದ ಕಸವನ್ನು ಪೈಪಿನಿಂದ ಎಳೆದು ತೆಗೆದರೆ ಗೂಡುಗಳೂ ಅಷ್ಟಷ್ಟು ಹೊರಗೆ ಹೋಗುತ್ತವೆ.

ಹತ್ತಿಯಂಥ ಗಂಟು: ಎರಡು ಮುಖ

ಹತ್ತಿಯ ಎಳೆಯಂತೆ ಬೆಳ್ಳಗೆ ಏನೋ ಅಂಟಿಕೊಂಡಿದ್ದರೆ ಎಲ್ಲರೂ ಬೂಷ್ಟು ಎನ್ನುತ್ತಾರೆ. ಅರ್ಧ ಮಾತ್ರ ನಿಜ. ನಿಜವಾದ ನೀರಿನ ಬೂಷ್ಟು, ಸಾಪ್ರೊಲೆಗ್ನಿಯ ಎಂಬುದು, ಸಾಮಾನ್ಯವಾಗಿ ಗಾಯವಾದ ಜಾಗದಲ್ಲಿ ಬೆಳೆಯುತ್ತದೆ. ಎಳೆಗಳು ಉದ್ದ, ಪೊದೆಯ ಹಾಗೆ. ಮೀನು ಯಾವುದಕ್ಕೋ ಉಜ್ಜಿ ಹುರುಪೆ ಕಿತ್ತುಕೊಂಡಿರುತ್ತದೆ, ಇಲ್ಲವೇ ಇನ್ನೊಂದು ಮೀನು ಕಚ್ಚಿರುತ್ತದೆ. ಇದಕ್ಕೆ ಶುದ್ಧ ನೀರು, ಉಪ್ಪು, ಬೇರೆ ಟಬ್ಬಿನಲ್ಲಿಟ್ಟು ಬಾಟಲಿಯ ಮೇಲಿನ ಅಳತೆಯಂತೆ ಮೆಥಿಲೀನ್ ಬ್ಲೂ. ಕಚ್ಚುವ ಮೀನು ತೊಟ್ಟಿಯಲ್ಲೇ ಇದ್ದರೆ ಯಾವ ಮದ್ದೂ ನಿಲ್ಲದು.

ಇನ್ನೊಂದು ಬ್ಯಾಕ್ಟೀರಿಯಾದ ಕೆಲಸ. ಕಾಲಮ್ನಾರಿಸ್ ಎಂದು ಇದರ ಹೆಸರು. ಬಾಯಿಯ ಸುತ್ತ ಬೂದುಬಿಳಿ ಅಂಚು, ಅಥವಾ ಬೆನ್ನಿನ ಮೇಲೆ ಕುದುರೆಯ ಜೀನು ಹಾಕಿದಂಥ ಮಚ್ಚೆ. ಎಳೆಗಳು ಗಿಡ್ಡ, ಮಾಸಲು. ಇದು ಒಂದೆರಡು ದಿನದಲ್ಲೇ ಮೀನನ್ನು ಕೊಲ್ಲಬಹುದು, ನೀರು ಬೆಚ್ಚಗಾದಷ್ಟೂ ಇದಕ್ಕೆ ಹುರುಪು. ಬಿಳಿಚುಕ್ಕೆ ರೋಗಕ್ಕೆ ಕೆಲವರು ಹೀಟರ್ ಹಾಕಿ ನೀರು ಬೆಚ್ಚಗೆ ಮಾಡುತ್ತಾರೆ. ಅದೇ ಉಪಾಯವನ್ನು ಇಲ್ಲಿ ಮಾಡಿದರೆ ಬೆಂಕಿಗೆ ತುಪ್ಪ. ಗುರುತು ಮೊದಲು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಇಲ್ಲಿ ಅಜ್ಜ ಅಜ್ಜಿಯರಿಗೊಂದು ಮಾತು. ನಮ್ಮ ಮಾತ್ರೆ ಡಬ್ಬಿಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲನ್ನು ಒಡೆದು ತೊಟ್ಟಿಗೆ ಹಾಕಬೇಡಿ. ಪ್ರಮಾಣ ತಿಳಿಯದೆ ಹಾಕಿದರೆ ನೀರು ಶುದ್ಧಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಕೆಟ್ಟವು ಮದ್ದಿಗೆ ಬಗ್ಗದಂತೆ ಬಲಿಯುತ್ತವೆ. ಇದಕ್ಕೆ ಪಶುವೈದ್ಯರ ಚೀಟಿ ಬೇಕೇ ಬೇಕು.

ಲಂಗರು ಹಾಕಿದ ಹುಳು, ಮೀನಿನ ಹೇನು

ಮೈಯಿಂದ ದಾರದಂತೆ ಏನೋ ಜೋತಾಡುತ್ತಿದ್ದರೆ, ಅದರ ತುದಿ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದಿದ್ದರೆ, ಬುಡದಲ್ಲಿ ಕೆಂಪು ಗುಳ್ಳೆ ಇದ್ದರೆ ಅದು ಲಂಗರು ಹುಳು. ಹೆಸರು ಹುಳುವಾದರೂ ಅದು ಸೀಗಡಿ, ಏಡಿಗಳ ದೂರದ ನೆಂಟ. ಹಡಗು ಲಂಗರು ಹಾಕಿದ ಹಾಗೆ ತಲೆಯನ್ನು ಮೀನಿನ ಮಾಂಸದೊಳಗೆ ಹೂತಿರುತ್ತದೆ. ಕವಲಾಗಿ ಕಾಣುವುದು ಅದರ ಎರಡು ಮೊಟ್ಟೆಚೀಲ. ಮೀನಿನ ಹೇನು ಅದೇ ಬಳಗದ ಇನ್ನೊಂದು ಜೀವಿ. ಹುರುಳಿಕಾಳಿನಷ್ಟು ಅಗಲ, ಚಪ್ಪಟೆ, ಪಾರದರ್ಶಕ. ಗಂಟು ಅಂದುಕೊಂಡು ನೋಡುತ್ತಿದ್ದರೆ ಇದ್ದಕ್ಕಿದ್ದಂತೆ ನಡೆದುಬಿಡುತ್ತದೆ! ಮಕ್ಕಳಿಗೆ ಇದನ್ನು ಭೂತಗನ್ನಡಿಯಲ್ಲಿ ತೋರಿಸಿ. ಕಣ್ಣಿನಂತೆ ಕಾಣುವ ಎರಡು ಗುಂಡು ಗುರುತುಗಳು ಅದು ಅಂಟಿಕೊಳ್ಳಲು ಬಳಸುವ ಹೀರುಬಟ್ಟಲುಗಳು.

ಇವನ್ನು ಚಿಮಟದಿಂದ ಕೀಳಬಹುದು. ಅದು ದೊಡ್ಡವರ ಕೆಲಸ. ಒದ್ದೆ ಬಟ್ಟೆಯಲ್ಲಿ ಮೀನನ್ನು ಮೆಲ್ಲಗೆ ಹಿಡಿದು, ಲಂಗರು ಹುಳುವನ್ನು ಬುಡದ ಹತ್ತಿರ ಹಿಡಿದು, ನಿಧಾನವಾಗಿ ಎಳೆಯಬೇಕು. ಅರ್ಧ ತುಂಡಾದರೆ ತಲೆ ಒಳಗೇ ಉಳಿದು ಕೀವಾಗುತ್ತದೆ. ಕೈ ನಡುಗುವ ನನ್ನಂಥವರು ವೈದ್ಯರಿಗೆ ಬಿಡುವುದೇ ಲೇಸು. ಕಿತ್ತ ಮೇಲೂ ಕಣ್ಣಿಗೆ ಕಾಣದ ಮರಿಗಳು ನೀರಿನಲ್ಲಿ ಉಳಿದಿರುತ್ತವೆ. ಅವಕ್ಕೆ ಬೇರೆ ಮದ್ದು, ಅದೂ ಕೆಲವು ವಾರ ಬೇಕಾಗುತ್ತದೆ.

ಮದ್ದು ಬೇಡದ ಗಂಟು

ರೆಕ್ಕೆಯ ಅಂಚಿನಲ್ಲಿ ಪುಟ್ಟ ಹೂಕೋಸಿನ ಹಾಗೆ ಬಿಳಿ ಗೊಂಚಲು ಬಂದರೆ ಅದು ಲಿಂಫೋಸಿಸ್ಟಿಸ್ ಇರಬಹುದು. ಇದು ವೈರಸ್ಸಿನಿಂದ ಬರುವುದು. ವೈರಸ್ ಹೊಕ್ಕ ಚರ್ಮದ ಜೀವಕೋಶ ಒಡೆಯದೆ ಊದುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಜೀವಕೋಶ ನೋಡಲು ಸೂಕ್ಷ್ಮದರ್ಶಕ ಬೇಕಲ್ಲವೇ? ಇಲ್ಲಿ ಒಂದೊಂದು ಕೋಶವೇ ಬರಿಗಣ್ಣಿಗೆ ಕಾಣುವಷ್ಟು ದಪ್ಪಗಾಗುತ್ತದೆ. ನೋಡಲು ವಿಕಾರ, ಆದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಮದ್ದಿಲ್ಲ, ಕತ್ತರಿಸುವುದೂ ಬೇಡ. ಒಳ್ಳೆಯ ನೀರು, ಒಳ್ಳೆಯ ಆಹಾರ, ನೆಮ್ಮದಿ ಸಿಕ್ಕರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಉದುರಿಹೋಗುತ್ತದೆ. ಗೋಲ್ಡ್‌ಫಿಶ್ ಮತ್ತು ಕೋಯಿ ಸೇರಿದ ಕಾರ್ಪ್ ಬಳಗಕ್ಕೆ ಇದು ಸಾಮಾನ್ಯವಾಗಿ ಬರುವುದಿಲ್ಲ.

ಇದು ಎದ್ದು ಕಾಣುವುದು ನಮ್ಮ ದೇಶದ್ದೇ ಆದ ಗಾಜುಮೀನಿನಲ್ಲಿ. ಮೂಳೆಯೂ ಕಾಣುವಷ್ಟು ಪಾರದರ್ಶಕವಾದ ಪುಟ್ಟ ಮೀನು ಅದು. ಕೆಲವು ವ್ಯಾಪಾರಿಗಳು ಸೂಜಿಯಿಂದ ಅದರ ಮೈಗೆ ಗುಲಾಬಿ, ಹಸಿರು ಬಣ್ಣ ಚುಚ್ಚಿ ಮಾರುತ್ತಾರೆ. ಹಾಗೆ ಚುಚ್ಚಿಸಿಕೊಂಡ ಮೀನುಗಳಲ್ಲಿ ಈ ಗಂಟು ಹೆಚ್ಚಾಗಿ ಕಂಡಿದೆ. ಮಕ್ಕಳೇ, ಬಣ್ಣ ಚುಚ್ಚಿದ ಮೀನನ್ನು ಕೊಡಿಸಿ ಎಂದು ಹಟ ಮಾಡಬೇಡಿ. ಕೊಳ್ಳುವವರಿಲ್ಲದಿದ್ದರೆ ಚುಚ್ಚುವವರೂ ಇರುವುದಿಲ್ಲ.

ಕೋಯಿ ಮೀನಿಗೆ ಬರುವುದು ಕಾರ್ಪ್ ಸಿಡುಬು. ಮೇಣದಬತ್ತಿ ಕರಗಿ ಹನಿ ಬಿದ್ದ ಹಾಗೆ ನುಣುಪಾದ ಬಿಳಿ ಉಬ್ಬುಗಳು. ಇದೂ ವೈರಸ್ಸೇ. ನೀರು ತಣ್ಣಗಿರುವ ಕಾಲದಲ್ಲಿ ಏಳುತ್ತದೆ, ಬಿಸಿಲು ಏರಿದಂತೆ ಇಳಿಯುತ್ತದೆ. ಮುಂದಿನ ಚಳಿಗೆ ಮತ್ತೆ ಬಂದರೂ ಬರಬಹುದು. ಇದಕ್ಕೂ ಬಾಟಲಿ ಬೇಡ.

ಮೊದಲ ಮದ್ದು ನೀರು, ಎರಡನೆಯದು ಲೆಕ್ಕ

ಮತ್ಸ್ಯಾವತಾರದ ಕಥೆ ನಿಮಗೆಲ್ಲ ಗೊತ್ತು. ಮನುವಿನ ಬೊಗಸೆಗೆ ಬಂದ ಮರಿಮೀನು ಕಮಂಡಲು ಸಾಲದೆ ಮಡಕೆಗೆ, ಮಡಕೆ ಸಾಲದೆ ಕೆರೆಗೆ, ಕೆರೆ ಸಾಲದೆ ಸಮುದ್ರಕ್ಕೆ ಹೋಯಿತು. ನಮ್ಮ ಗೋಲ್ಡ್‌ಫಿಶ್ಶಿಗೂ ಅದೇ ಬೇಡಿಕೆ. ಸಾಮಾನ್ಯ ಗೋಲ್ಡ್‌ಫಿಶ್ ಜಾಗ ಸಿಕ್ಕರೆ ಒಂದು ಅಡಿಯವರೆಗೆ ಬೆಳೆಯಬಲ್ಲದು. ಹತ್ತಾರು ವರ್ಷ ಬದುಕಬಲ್ಲದು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಗೋಲ್ಡ್‌ಫಿಶ್ 1999ರವರೆಗೆ, ಅಂದರೆ 43 ವರ್ಷ ಬದುಕಿತು. ಅಂಥ ಜೀವವನ್ನು ದುಂಡನೆಯ ಗಾಜಿನ ಬಟ್ಟಲಿನಲ್ಲಿಟ್ಟರೆ ಅದರ ಮೂತ್ರ, ಮಲ, ಉಳಿದ ಆಹಾರ ಎಲ್ಲ ಸೇರಿ ಅಮೋನಿಯಾ ಏರುತ್ತದೆ. ಅಮೋನಿಯಾ ಚರ್ಮವನ್ನೂ ಕಿವಿರನ್ನೂ ಸುಡುತ್ತದೆ. ಸುಟ್ಟ ಚರ್ಮಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಬರುತ್ತವೆ.

ಆದ್ದರಿಂದ ಗಂಟು ಕಂಡ ದಿನ ಮಾಡಬೇಕಾದ ಮೊದಲ ಕೆಲಸ, ನಾಲ್ಕನೇ ಒಂದು ಭಾಗ ನೀರು ಬದಲಿಸುವುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ಆಮೇಲೆ ಲೆಕ್ಕ. ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಆರನೇ ತರಗತಿಯ ಲೆಕ್ಕ ಇದು. ನಮ್ಮ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. 54 ಲೀಟರ್ ಆಯಿತು. ಆದರೆ ನೀರು ಇರುವುದು 26 ಸೆಂಟಿಮೀಟರಿನವರೆಗೆ, ಅಂದರೆ 46.8 ಲೀಟರ್. ತಳದ ಕಲ್ಲುಗಳ ಜಾಗ ಕಳೆದು 45 ಎಂದು ಹಿಡಿಯುತ್ತೇನೆ. ಬಿಳಿಚುಕ್ಕೆ ರೋಗ ಬಂದ ಗೋಲ್ಡ್‌ಫಿಶ್ಶಿಗೆ ಲೀಟರಿಗೆ 2 ಗ್ರಾಂ ಉಪ್ಪು ಎಂದರೆ 90 ಗ್ರಾಂ. ಬೇರೇನೂ ಬೆರೆಸದ ಹರಳುಪ್ಪು ಆಗಬೇಕು. ಚಮಚದ ಲೆಕ್ಕ ಬೇಡ, ತಕ್ಕಡಿಯಲ್ಲಿ ತೂಗಿ. ಒಂದೇ ಸಲ ಸುರಿಯದೆ 30 ಗ್ರಾಂನಂತೆ ಮೂರು ಕಂತಿನಲ್ಲಿ, ಒಂದೂವರೆ ದಿನದಲ್ಲಿ, ನೀರಿನಲ್ಲಿ ಕರಗಿಸಿ ಹಾಕಿ.

ಈಗೊಂದು ಬ್ಯಾಂಕಿನ ಸೂಕ್ಷ್ಮ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆವಿಯಾದಷ್ಟು ನೀರು ತುಂಬುವಾಗ ಉಪ್ಪು ಸೇರಿಸಬಾರದು. ಖಾತೆಯಲ್ಲಿ ಅಸಲು ಹಾಗೇ ಇದೆ. ಆದರೆ 11 ಲೀಟರ್ ನೀರು ತೆಗೆದು ಹೊಸ ನೀರು ಹಾಕಿದರೆ ಅದರೊಂದಿಗೆ 22 ಗ್ರಾಂ ಉಪ್ಪೂ ಹೊರಗೆ ಹೋಗಿದೆ, ಅಷ್ಟನ್ನು ಮಾತ್ರ ಜಮಾ ಮಾಡಬೇಕು. ತೊಟ್ಟಿಯಲ್ಲಿ ಗಿಡಗಳಿದ್ದರೆ, ಹುರುಪೆ ಇಲ್ಲದ ಮೀಸೆ ಮೀನುಗಳಿದ್ದರೆ ಅವಕ್ಕೆ ಉಪ್ಪು ಒಗ್ಗದು. ಕಾಯಿಲೆಯ ಮೀನನ್ನೇ ಬೇರೆ ಟಬ್ಬಿಗೆ ತೆಗೆಯಿರಿ. ಗಾಳಿಯ ಪಂಪ್ ಹಗಲೂ ರಾತ್ರಿ ಓಡುತ್ತಿರಲಿ.

ಹಸಿರು ಬಾಟಲಿಯಲ್ಲಿ ಬರುವ ಮ್ಯಾಲಕೈಟ್ ಗ್ರೀನ್ ವಿಷಯದಲ್ಲಿ ಮಕ್ಕಳು ದೂರ ಇರಬೇಕು. ಅದು ವಿಷಕಾರಿ. ತಿನ್ನುವ ಮೀನುಗಳಿಗೆ ಅದನ್ನು ಬಳಸಬಾರದೆಂದು ಹಲವು ದೇಶಗಳು ನಿಷೇಧಿಸಿವೆ.

ಒಳಗಿನಿಂದ ಬೆಳೆಯುವ ಗಡ್ಡೆ

ಇಷ್ಟೆಲ್ಲ ನೋಡಿಯೂ ಹೊಂದದ ಗಂಟೊಂದು ಉಳಿಯುತ್ತದೆ. ಒಂದೇ ಇರುತ್ತದೆ. ಚರ್ಮದ ಬಣ್ಣ, ಇಲ್ಲವೇ ಮಾಂಸದ ಬಣ್ಣ. ಹರಡುವುದಿಲ್ಲ, ಬೇರೆ ಮೀನಿಗೆ ಅಂಟುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ. ಅದು ಗಡ್ಡೆ. ನಮಗೆ ಬರುವ ಹಾಗೆ ಮೀನಿಗೂ, ಅದರಲ್ಲೂ ವಯಸ್ಸಾದ ಗೋಲ್ಡ್‌ಫಿಶ್ಶಿಗೆ ಬರುತ್ತದೆ.

ಮೊಮ್ಮಗಳ ಮೀನು ಬಂಗಾರಿಗೆ ಬಂದದ್ದು ಇದು. ಆಗ ಬಂಗಾರಿಗೆ ಆರು ವರ್ಷ, ಮೊಮ್ಮಗಳಿಗೆ ಒಂಬತ್ತು. ಬಾಲದ ಬುಡದಲ್ಲಿ ಸಾಸಿವೆಯಷ್ಟಿದ್ದದ್ದು ಮೂರು ತಿಂಗಳಲ್ಲಿ ಹೆಸರುಕಾಳಾಯಿತು. ಅವಳ ನೋಟ್‌ಬುಕ್ ತೆಗೆದುಕೊಂಡು, ಬಂಗಾರಿಯನ್ನು ಮುಚ್ಚಳದ ಬಕೆಟ್ಟಿನಲ್ಲಿ ಕೂರಿಸಿಕೊಂಡು ಪಶುವೈದ್ಯರ ಬಳಿಗೆ ಹೋದೆವು. ನಾಯಿ, ಬೆಕ್ಕುಗಳ ಸಾಲಿನಲ್ಲಿ ಬಕೆಟ್ ಹಿಡಿದು ಕುಳಿತವರು ನಾವಿಬ್ಬರೇ. ಡಾಕ್ಟರಮ್ಮ ಮೊದಲು ನೋಟ್‌ಬುಕ್ ಓದಿದರು. ಗಂಟಿನ ಮೇಲಿನಿಂದ ಒಂದಿಷ್ಟು ಲೋಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳು ಹುಪ್ಪಟೆ ಯಾವುದೂ ಇಲ್ಲ.

"ಸಾರ್, ಇದು ಗಡ್ಡೆ. ಆಪರೇಷನ್ ಮಾಡಬಹುದು. ಆದರೆ ಬುಡ ಅಗಲವಾಗಿದೆ, ಮತ್ತೆ ಬೆಳೆಯುವ ಸಾಧ್ಯತೆ ಹೆಚ್ಚು" ಎಂದರು.

ಮೀನಿಗೆ ಆಪರೇಷನ್ನೇ ಎಂದು ನೀವು ನಗಬೇಡಿ. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಯಲ್ಲಿ ಜಾರ್ಜ್ ಎಂಬ ಹತ್ತು ವರ್ಷದ ಗೋಲ್ಡ್‌ಫಿಶ್ಶಿನ ತಲೆಯ ಮೇಲಿನ ದೊಡ್ಡ ಗಡ್ಡೆಯನ್ನು ವೈದ್ಯ ಟ್ರಿಸ್ಟನ್ ರಿಚ್ ಸುಮಾರು 45 ನಿಮಿಷದಲ್ಲಿ ತೆಗೆದರು. ಮೂರು ಬಕೆಟ್ ಇಟ್ಟುಕೊಂಡಿದ್ದರು. ಒಂದರಲ್ಲಿ ನಿದ್ದೆ ಬರಿಸುವಷ್ಟು ಅರಿವಳಿಕೆ ಬೆರೆಸಿದ ನೀರು, ಇನ್ನೊಂದರಲ್ಲಿ ನಿದ್ದೆ ಉಳಿಸುವಷ್ಟು, ಮೂರನೆಯದರಲ್ಲಿ ಎಚ್ಚರವಾಗಲು ಬರಿಯ ನೀರು. ಕತ್ತರಿಸುವಷ್ಟು ಹೊತ್ತೂ ಬಾಯಿಗೆ ಕೊಳವೆಯಿಟ್ಟು ಕಿವಿರಿನ ಮೇಲೆ ನೀರು ಹರಿಸುತ್ತಿದ್ದರು. ಜಾರ್ಜ್ ಎಚ್ಚೆತ್ತು ಮತ್ತೆ ಈಜಿದ. ಮೀನಿನ ಅರಿವಳಿಕೆಗೆ ಬಳಸುವ ಮದ್ದುಗಳಲ್ಲಿ ಲವಂಗದ ಎಣ್ಣೆಯ ಸಾರವೂ ಒಂದು. ಅಜ್ಜಿ ಹಲ್ಲುನೋವಿಗೆ ಹತ್ತಿಯಲ್ಲಿ ಇಡುವ ಅದೇ ಲವಂಗದ ಎಣ್ಣೆ!

ಬಂಗಾರಿಯ ಗಡ್ಡೆಯ ಬುಡ ಅಗಲವಾಗಿತ್ತು. ಅವಳು ಚೆನ್ನಾಗಿ ತಿನ್ನುತ್ತಿದ್ದಳು, ಈಜುತ್ತಿದ್ದಳು. ಹಾಗಿರುವಾಗ ಕತ್ತರಿ ಬೇಡ, ಕಾದು ನೋಡೋಣ ಎಂದು ಡಾಕ್ಟರಮ್ಮ ಹೇಳಿದರು. ಮೊಮ್ಮಗಳ ಕಡೆಗೆ ಬಾಗಿ, "ಪುಟ್ಟಿ, ಮೂರು ಸಂಗತಿ ಬರೆದುಕೋ. ಊಟ ಬಿಟ್ಟರೆ, ಸರಿಯಾಗಿ ಈಜಲಾಗದೆ ವಾಲಿದರೆ, ಗಂಟು ಒಡೆದು ಹುಣ್ಣಾದರೆ ನನಗೆ ಫೋನ್ ಮಾಡಬೇಕು" ಎಂದರು. ಅವಳು ಬರೆದುಕೊಂಡಳು.

ಆಮೇಲೆ ಬಂಗಾರಿ ಒಂದು ವರ್ಷ ಎರಡು ತಿಂಗಳು ಬದುಕಿದಳು. ಹೆಸರುಕಾಳು ಕಡಲೆಕಾಳಾಯಿತು, ಕಡಲೆಕಾಳು ಅವರೆಕಾಳಾಯಿತು. ನಾವು ಹೆಚ್ಚಿಗೆ ಮಾಡಿದ್ದು ವಾರಕ್ಕೆ ಎರಡು ಸಲ ನೀರು ಬದಲಿಸಿದ್ದು, ಬಾಲ ಕಚ್ಚುತ್ತಿದ್ದ ಇನ್ನೊಂದು ಮೀನನ್ನು ಬೇರೆ ಮಾಡಿದ್ದು ಇಷ್ಟೇ. ಕೊನೆಗೆ ಒಂದು ವಾರ ಗಂಟು ಒಡೆಯಿತು. ಬಂಗಾರಿ ತಳದಲ್ಲೇ ವಾಲಿ ಮಲಗಿದಳು. ನಾಲ್ಕು ದಿನ ಒಂದು ಕಾಳೂ ಮುಟ್ಟಲಿಲ್ಲ. ಬರೆದುಕೊಂಡಿದ್ದ ಮೂರೂ ಬಂದಿದ್ದವು. ನೋವಿಲ್ಲದೆ ಮಲಗಿಸಬಹುದು ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು.

ಮನೆಯಲ್ಲಿ ಮಾತುಕತೆಯಾಯಿತು. ನನ್ನ ಮಗ, "ಅಪ್ಪಾ, ಅವಳು ಸ್ಕೂಲಿಂದ ಬರೋದರೊಳಗೆ ಅದೇ ಥರದ್ದು ಒಂದು ತಂದು ಬಿಟ್ಟುಬಿಡೋಣ. ಮಗು ಅಳೋದು ನೋಡೋಕಾಗಲ್ಲ" ಎಂದ. ಅವನದು ಅಂತಃಕರಣವೇ. ಆದರೆ ನಾನು ಒಪ್ಪಲಿಲ್ಲ. ಹದಿನಾಲ್ಕು ತಿಂಗಳು ವಾರ ತಪ್ಪದೆ ಲೆಕ್ಕ ಬರೆದವಳಿಗೆ ಕೊನೆಯ ಪುಟದಲ್ಲಿ ಸುಳ್ಳು ಲೆಕ್ಕ ತೋರಿಸುವುದು ನನ್ನಿಂದಾಗದು ಎಂದೆ. ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ.

"ತಾತಾ, ಅದಕ್ಕೆ ನೋವಾಗುತ್ತಾ?" ಎಂದು ಕೇಳಿದಳು.

"ಈಗ ಆಗ್ತಿದೆ ಕಣಮ್ಮ. ಡಾಕ್ಟರ್ ಹತ್ತಿರ ಹೋದರೆ ನಿದ್ದೆ ಬರುತ್ತೆ. ಆಮೇಲೆ ಆಗಲ್ಲ" ಎಂದೆ.

ಸ್ವಲ್ಪ ಹೊತ್ತು ತೊಟ್ಟಿಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ನಾಳೆ ಬೆಳಗ್ಗೆನೇ ಹೋಗೋಣ, ಸ್ಕೂಲಿಗೆ ಲೇಟಾದರೂ ಪರವಾಗಿಲ್ಲ" ಎಂದಳು. ಅತ್ತಳು, ಬಹಳ ಅತ್ತಳು. ಆದರೆ ಅವಳು ಅತ್ತದ್ದು ಬಂಗಾರಿ ಹೋದಳೆಂದು. ನಾವು ಮೋಸ ಮಾಡಿದೆವೆಂದು ಅಳುವ ಪ್ರಸಂಗ ಬರಲಿಲ್ಲ. ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಅವಳ ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಖಿನ ಮುಂದೆ, "ಬಂಗಾರಿ ಮಲಗಿದಳು, ನಾನು ಜೊತೆಗಿದ್ದೆ" ಎಂದು ಬರೆದಿದ್ದಾಳೆ.

ಹಿರಿಯರೇ, ಮಕ್ಕಳಿಗೆ ಸಾವಿನ ವಿಷಯ ಹೇಳುವುದು ಕಷ್ಟ. ಆದರೆ ಮನೆಯ ಮೀನು ಊರಿಗೆ ಹೋಗಿದೆ ಎಂದು ಹೇಳಿದರೆ ಮುಂದೆ ನಾವು ಹೇಳುವ ದೊಡ್ಡ ಮಾತುಗಳನ್ನೂ ಮಕ್ಕಳು ನಂಬಲಾರರು. ಎಪ್ಪತ್ತು ದಾಟಿದ ನಮಗೆ ಆ ನಂಬಿಕೆ ಬೇಕು.

ಕೊನೆಗೆ ಕೆಲವು ಕಟ್ಟುನಿಟ್ಟು

ಹೊಸ ಮೀನು ತಂದರೆ ಎರಡರಿಂದ ನಾಲ್ಕು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿ, ಆಮೇಲೆ ತೊಟ್ಟಿಗೆ ಬಿಡಿ. ರೋಗಗಳು ಹೆಚ್ಚಾಗಿ ಬರುವುದು ಹೊಸ ಮೀನಿನ ಜೊತೆಗೇ.

ತೊಟ್ಟಿಗೆ ಕೈ ಹಾಕಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕೈಯಲ್ಲಿ ಗಾಯವಿದ್ದರೆ ರಬ್ಬರ್ ಗ್ಲೌಸ್ ಹಾಕಿ. ಮೀನಿನ ತೊಟ್ಟಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಗಾಯದ ಮೂಲಕ ಸೇರಿ ನಮ್ಮ ಚರ್ಮದ ಮೇಲೂ ಗಂಟು ಏಳಿಸಬಲ್ಲದು. ಸಕ್ಕರೆ ಕಾಯಿಲೆ ಇರುವ ಹಿರಿಯರು ಹೆಚ್ಚು ಎಚ್ಚರದಿಂದಿರಬೇಕು. ಮಾಯದ ಗಂಟು ಬೆರಳಿನ ಮೇಲೆ ಕಂಡರೆ ವೈದ್ಯರಿಗೆ ಮೀನು ಸಾಕಿರುವ ವಿಷಯವನ್ನೂ ಹೇಳಿ.

ಕಾಯಿಲೆಯ ಮೀನನ್ನು ಪುಣ್ಯ ಬರಲೆಂದು ಕೆರೆಗೋ ಹೊಳೆಗೋ ಬಿಡಬೇಡಿ. ಅದರ ರೋಗ ಅಲ್ಲಿನ ಮೀನುಗಳಿಗೆ ಹೋಗುತ್ತದೆ. ಆರೋಗ್ಯದ ಮೀನನ್ನೂ ಬಿಡಬಾರದು. ಹೊರದೇಶದ ಮೀನು ಕೆರೆಯಲ್ಲಿ ಬಲಿತರೆ ನಮ್ಮ ನಾಡಿನ ಮೀನುಗಳ ಪಾಲನ್ನು ಕಿತ್ತುಕೊಳ್ಳುತ್ತದೆ.

ಗುರುತು ಸಿಗದಿದ್ದರೆ ಕೇಳುವುದಕ್ಕೆ ಜಾಗಗಳುಂಟು. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಇಡೀ ದೇಶದಲ್ಲೇ ಮೊದಲನೆಯದು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಮೀನುಗಾರಿಕೆ ಇಲಾಖೆಯ ಕಚೇರಿಗಳು ಜಿಲ್ಲೆಗಳಲ್ಲಿವೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ತಾರೀಖು, ಗಾತ್ರ, ಫೋಟೋ, ತೊಟ್ಟಿಯ ಲೀಟರ್, ಹಾಕಿದ ಮದ್ದು ಎಲ್ಲ ಬರೆದ ನೋಟ್‌ಬುಕ್ ಒಯ್ಯಿರಿ. ಮೀನು ಬಾಯಿಬಿಟ್ಟು ಹೇಳಲಾರದ್ದನ್ನು ಅದು ಹೇಳುತ್ತದೆ.